ಕೋಳಿ ತಿಪ್ಪೆ ಕೆದಕಿದ ಹಾಗೆ: ಫಂಕ್ ಗಿಟಾರಿನ ಕಥೆ

ನಮ್ಮ ಬಳಗದ ಕೋಣೆಗೆ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ಬಂದು ನಾಲ್ಕು ತಿಂಗಳಾಯಿತು. ಸಂಜೆ ಸುದ್ದಿ ಕೆಲಸ ಮುಗಿದ ಮೇಲೆ ಮೊಬೈಲ್‌ನಲ್ಲಿ ವಿಡಿಯೊ ಹಾಕಿಕೊಂಡು ಕಲಿಯುತ್ತಿದ್ದೇವೆ. ನಮಗೆ ಹಿಡಿಸಿದ್ದು ಫಂಕ್ ಅನ್ನುವ ಶೈಲಿ. ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತ ಅದು. ಕೇಳಿದರೆ ಕಾಲು ತಾನೇ ಅಲ್ಲಾಡುತ್ತದೆ.

ಎಡಗೈ ಬೆರಳುಗಳನ್ನು ಎಲ್ಲಿ ಒತ್ತಬೇಕು ಅನ್ನುವುದು ಹದಿನೈದು ದಿನಕ್ಕೆ ಬಂತು. ಆದರೆ ಸದ್ದು ಬರಲಿಲ್ಲ. ವಿಡಿಯೊದಲ್ಲಿ ಕೇಳುವುದು ಒಂದು, ನಮ್ಮ ಕೈಯಲ್ಲಿ ಬರುವುದು ಇನ್ನೊಂದು. ಒಂದು ಸಂಜೆ, ಜಾತ್ರೆಯಲ್ಲಿ ತಮಟೆ ಬಾರಿಸುವ ಪಕ್ಕದ ಬೀದಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೇಳಿದರು: "ಎಡಗೈ ಆಮೇಲೆ ನೋಡ್ಕೊಳ್ರಪ್ಪಾ. ನಿಮ್ ಬಲಗೈ ನಿಂತು ನಿಂತು ಹೋಗ್ತಾ ಐತೆ. ಕೈ ನಿಂತ್ರೆ ಕುಣಿಯೋನೂ ನಿಲ್ತಾನೆ."

ಫಂಕ್ ಅನ್ನುವ ಹೆಸರನ್ನೇ ಕೇಳದ ಅವರು ಫಂಕ್ ಗಿಟಾರಿನ ಮೊದಲ ಪಾಠವನ್ನು ಹೇಳಿಬಿಟ್ಟಿದ್ದರು. ಅದು ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಡೋಲು ಕಸಿದುಕೊಂಡ ಕಾನೂನು

ಫಂಕ್ ಅನ್ನುವ ಇಂಗ್ಲಿಷ್ ಪದಕ್ಕೆ ಮೊದಲು ಇದ್ದ ಅರ್ಥ ಗಾಟು ವಾಸನೆ. ಮೈಬೆವರಿನ ವಾಸನೆಗೂ ಅದೇ ಮಾತು ಬಳಸುತ್ತಿದ್ದರು. ಸೆಖೆಯ ರಾತ್ರಿ ಕಿಕ್ಕಿರಿದ ಕೋಣೆಯಲ್ಲಿ ಜನ ಕುಣಿದರೆ ಏನು ವಾಸನೆ ಬರುತ್ತದೋ ಅದು. ಸಭ್ಯರು ಮೂಗು ಮುರಿಯುವ ಆ ಪದವನ್ನು ಕಪ್ಪು ಸಂಗೀತಗಾರರು ಹೊಗಳಿಕೆಯ ಮಾತಾಗಿ ಮಾಡಿಕೊಂಡರು. ಮಣ್ಣಿನ ಗುಣ ಇರುವ, ನಯನಾಜೂಕು ಇಲ್ಲದ, ಮೈ ಕುಣಿಸುವ ಸಂಗೀತ ಅಂತ.

ಆದರೆ ಕಥೆ ಶುರುವಾಗುವುದು ಅದಕ್ಕಿಂತ ಬಹಳ ಹಿಂದೆ, ಬ್ರಿಟಿಷರ ವಸಾಹತಾಗಿದ್ದ ಸೌತ್ ಕೆರೊಲಿನಾದಲ್ಲಿ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿಸಿ ತಂದ ಜನ ಅಲ್ಲಿನ ಭತ್ತದ ಗದ್ದೆಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದರು. 1739ರ ಸೆಪ್ಟೆಂಬರ್‌ನಲ್ಲಿ ಸ್ಟೊನೊ ನದಿಯ ಬಳಿ ಒಂದು ಗುಂಪು ದಂಗೆ ಎದ್ದಿತು. ಅವರು ಡೋಲು ಬಾರಿಸುತ್ತಾ ದಾರಿಯುದ್ದಕ್ಕೂ ಉಳಿದ ಗುಲಾಮರನ್ನು ಕರೆಯುತ್ತಾ ನಡೆದರು. ದಂಗೆಯನ್ನು ಸದೆಬಡಿಯಲಾಯಿತು. ಮರುವರ್ಷ, 1740ರಲ್ಲಿ, ಹೊಸ ಕಾನೂನು ಬಂತು. ಗುಲಾಮರು ಡೋಲು, ಕಹಳೆಯಂಥ ದೊಡ್ಡ ಸದ್ದಿನ ವಾದ್ಯ ಬಳಸುವಂತಿಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ನಿಷೇಧವೂ ಇತ್ತು: ಗುಲಾಮರಿಗೆ ಬರೆಯಲು ಕಲಿಸುವಂತಿಲ್ಲ.

ಬರವಣಿಗೆಯನ್ನೂ ಡೋಲನ್ನೂ ಒಂದೇ ಕಾನೂನಿನಲ್ಲಿ ಏಕೆ ನಿಷೇಧಿಸಿದರು ಅನ್ನುವುದನ್ನು ಯೋಚಿಸಿದರೆ ಡೋಲಿನ ಶಕ್ತಿ ಅರ್ಥವಾಗುತ್ತದೆ. ಎರಡೂ ಸುದ್ದಿ ಮುಟ್ಟಿಸುವ ಸಾಧನಗಳು.

ಡೋಲು ಹೋಯಿತು, ತಾಳ ಹೋಗಲಿಲ್ಲ. ಅದು ಮೈಮೇಲೆ ಬಂತು. ಅಂಗೈಯಿಂದ ತೊಡೆ, ಎದೆ ತಟ್ಟಿಕೊಂಡು, ಪಾದದಿಂದ ನೆಲ ಬಡಿದು ತಾಳ ಹಾಕುವ ಕಲೆ ಬೆಳೆಯಿತು. ಅದಕ್ಕೆ ಜೂಬಾ ಎಂದು ಹೆಸರು. ಹ್ಯಾಂಬೋನ್ ಅಂತಲೂ ಕರೆಯುತ್ತಾರೆ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಮಾತ್ರ 19ನೇ ಶತಮಾನದ ಮೊದಲ ದಶಕಗಳಲ್ಲಿ ಭಾನುವಾರ ಕಾಂಗೊ ಸ್ಕ್ವೇರ್ ಅನ್ನುವ ಬಯಲಿನಲ್ಲಿ ಸೇರಿ ಡೋಲು ಬಾರಿಸಿ ಕುಣಿಯಲು ಅವಕಾಶ ಇತ್ತು.

ಮೈಯಿಂದ ತಂತಿಗೆ

ಮೈಮೇಲಿನ ಈ ತಾಳ ಗಿಟಾರ್ ತಂತಿಗೆ ಬಂದದ್ದನ್ನು ರೆಕಾರ್ಡುಗಳಲ್ಲಿ ಕಿವಿಯಾರೆ ಕೇಳಬಹುದು. 1955ರಲ್ಲಿ ಬೊ ಡಿಡ್ಲಿ ಅನ್ನುವ ಕಲಾವಿದ ತನ್ನದೇ ಹೆಸರಿನ ಹಾಡೊಂದನ್ನು ಮುದ್ರಿಸಿದರು. ಅದರಲ್ಲಿರುವುದು ಹ್ಯಾಂಬೋನ್ ತಾಳ. ಅವರು ಗಿಟಾರನ್ನು ರಾಗಕ್ಕಿಂತ ಹೆಚ್ಚಾಗಿ ಬಡಿತಕ್ಕೆ ಬಳಸಿದರು.

ಮೂರು ವರ್ಷದ ನಂತರ, 1958ರಲ್ಲಿ, ಜಾನಿ ಓಟಿಸ್ ಅವರ ತಂಡದ 'ವಿಲ್ಲಿ ಅಂಡ್ ದಿ ಹ್ಯಾಂಡ್ ಜೈವ್' ಹಾಡು ಬಂತು. ಅದೇ ಬಗೆಯ ತಾಳ. ಆ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು ಜಿಮ್ಮಿ ನೋಲೆನ್. 1934ರಲ್ಲಿ ಓಕ್ಲಹೋಮಾದಲ್ಲಿ ಹುಟ್ಟಿದವರು. ಈ ಕಥೆಯ ನಾಯಕ ಇವರೇ. ಇವರ ಹೆಸರನ್ನು ನಾವೂ ಮೊನ್ನೆಯವರೆಗೆ ಕೇಳಿರಲಿಲ್ಲ.

ಕೇಳಿದ್ದ ಹೆಸರು ಜೇಮ್ಸ್ ಬ್ರೌನ್. ಡೋಲು ನಿಷೇಧವಾಗಿದ್ದ ಅದೇ ಸೌತ್ ಕೆರೊಲಿನಾದಲ್ಲಿ 1933ರಲ್ಲಿ ಕಡುಬಡತನದಲ್ಲಿ ಹುಟ್ಟಿ, ಪಕ್ಕದ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಬೆಳೆದವರು. ಹತ್ತಿ ಬಿಡಿಸಿದ್ದಾರೆ, ಬೂಟು ಪಾಲಿಶ್ ಮಾಡಿದ್ದಾರೆ, ಹದಿಹರೆಯದಲ್ಲಿ ಕಳ್ಳತನದ ಕೇಸಿನಲ್ಲಿ ಸೆರೆಮನೆ ಕಂಡಿದ್ದಾರೆ. ಆಮೇಲೆ ಲೋಕಪ್ರಸಿದ್ಧ ಹಾಡುಗಾರರಾದರು.

1965ರಲ್ಲಿ ನೋಲೆನ್ ಬ್ರೌನ್ ತಂಡ ಸೇರಿದರು. ಅದೇ ವರ್ಷ ಫೆಬ್ರವರಿಯಲ್ಲಿ ನಾರ್ತ್ ಕೆರೊಲಿನಾದ ಶಾರ್ಲೆಟ್ ನಗರದ ಸ್ಟುಡಿಯೊದಲ್ಲಿ 'ಪಾಪಾಸ್ ಗಾಟ್ ಎ ಬ್ರಾಂಡ್ ನ್ಯೂ ಬ್ಯಾಗ್' ಹಾಡಿನ ಮುದ್ರಣ ನಡೆಯಿತು. ಹಾಡಿನ ನಡುವೆ ತಂಡವೆಲ್ಲ ಗಪ್ಪನೆ ನಿಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಗಿಟಾರ್ ಒಂದೇ ಒಂದು ಕಾರ್ಡನ್ನು ಪಟಪಟನೆ ಬಡಿಯುತ್ತದೆ. ಕೆಲವೇ ಕ್ಷಣ. ಫಂಕ್ ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ಬಹಳ ಜನ ಬೆರಳು ತೋರಿಸುವುದು ಈ ಹಾಡಿನ ಕಡೆಗೆ. ಬ್ರೌನ್‌ಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ತಂದುಕೊಟ್ಟ ಹಾಡೂ ಇದೇ.

ಕೋಳಿ ಕೆದಕುವ ಕೈಚಳಕ

ನೋಲೆನ್ ಅವರ ಈ ಶೈಲಿಗೆ 'ಚಿಕನ್ ಸ್ಕ್ರ್ಯಾಚ್' ಎಂದು ಹೆಸರಾಯಿತು. ಅಂದರೆ ಕೋಳಿ ಕೆದಕುವುದು. ತಿಪ್ಪೆಯ ಮೇಲೆ ಕೋಳಿ ಕಾಲಿನಿಂದ ಪರಪರ ಕೆದಕುತ್ತದಲ್ಲ, ಆ ಸದ್ದು. ಹಳ್ಳಿಯಲ್ಲಿ ಬೆಳೆದ ನಮಗೆ ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಬೇಕಿಲ್ಲ.

ಅದು ಬರುವುದು ಹೀಗೆ. ಸಾಮಾನ್ಯವಾಗಿ ಗಿಟಾರ್ ನುಡಿಸುವವರು ಎಡಗೈಯಲ್ಲಿ ತಂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಬಲಗೈಯಲ್ಲಿ ಮೀಟುತ್ತಾರೆ, ಸದ್ದು ಉದ್ದಕ್ಕೆ ಗುಂಯ್‌ಗುಡುತ್ತದೆ. ಫಂಕ್‌ನಲ್ಲಿ ಎಡಗೈ ಒತ್ತಿದ ಮರುಕ್ಷಣ ಸಡಿಲವಾಗುತ್ತದೆ. ಆದರೆ ಬೆರಳು ತಂತಿಯಿಂದ ಏಳುವುದಿಲ್ಲ, ಮೇಲೆ ಹಗುರವಾಗಿ ಕೂತೇ ಇರುತ್ತದೆ. ಆಗ ತಂತಿಯಿಂದ ಸ್ವರ ಬರುವುದಿಲ್ಲ, 'ಚಿಕ್' ಅನ್ನುವ ಒಣ ಸದ್ದು ಮಾತ್ರ ಬರುತ್ತದೆ.

ಬಲಗೈ ಮಾತ್ರ ನಿಲ್ಲುವಂತೆಯೇ ಇಲ್ಲ. ಮಣಿಕಟ್ಟು ಮೇಲೆ ಕೆಳಗೆ ಒಂದೇ ಸಮನೆ ಆಡುತ್ತಿರಬೇಕು. ನಾಲ್ಕು ಹೊಡೆತದ ತಾಳದಲ್ಲಿ ಒಂದೊಂದು ಹೊಡೆತಕ್ಕೆ ನಾಲ್ಕು ಭಾಗ, ಒಟ್ಟು ಹದಿನಾರು. ಬಾಯಲ್ಲಿ 'ತಕಧಿಮಿ' ಅಂತ ನಾಲ್ಕು ಸಲ ಹೇಳಿದರೆ ಸರಿಯಾಗಿ ಹದಿನಾರು. ನಮ್ಮ ಮೃದಂಗದವರು ಚತುರಶ್ರ ನಡೆ ಅನ್ನುವ ಲೆಕ್ಕವೇ ಇದು. ಹದಿನಾರು ಸಲವೂ ಕೈ ತಂತಿಯ ಮೇಲೆ ಹೋಗಿ ಬರುತ್ತದೆ. ಅದರಲ್ಲಿ ಎರಡೋ ಮೂರೋ ಕಡೆ ಮಾತ್ರ ಎಡಗೈ ಒತ್ತುತ್ತದೆ, ಅಲ್ಲಿ ಮಾತ್ರ ಸ್ವರ ಕೇಳುತ್ತದೆ. ಉಳಿದದ್ದೆಲ್ಲ ಚಿಕ್ ಚಿಕ್.

ತಮಟೆಯ ಹಿರಿಯರು ಹೇಳಿದ್ದು ಇದನ್ನೇ. ನಾವು ಸ್ವರ ಬೇಕಾದಲ್ಲಿ ಮಾತ್ರ ಬಲಗೈ ಆಡಿಸಿ, ಉಳಿದ ಕಡೆ ನಿಲ್ಲಿಸುತ್ತಿದ್ದೆವು. ಆದ್ದರಿಂದಲೇ ಎರಡು ತಿಂಗಳು ನಾವು ಸ್ವರವನ್ನೇ ನುಡಿಸಲಿಲ್ಲ. ಎಡಗೈಯನ್ನು ಸುಮ್ಮನೆ ತಂತಿಯ ಮೇಲಿಟ್ಟು, ತಕಧಿಮಿ ಹೇಳುತ್ತಾ ಬರೀ ಚಿಕ್ ಚಿಕ್ ಅಭ್ಯಾಸ ಮಾಡಿದೆವು. ಮೊದಲು ಬಹಳ ನಿಧಾನ, ಆಮೇಲೆ ಸ್ವಲ್ಪ ವೇಗ. ಕಲಿಯುವ ಆಸೆ ಇರುವವರಿಗೆ ನಾವು ಹೇಳುವುದೂ ಇದನ್ನೇ.

ಒಂದು ಕಾರ್ಡ್, ಐದು ಸ್ವರ

ಇನ್ನು ಎಡಗೈ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ರೇಷನ್ ಕಾರ್ಡ್ ಅಲ್ಲ! ಫಂಕ್‌ನಲ್ಲಿ ಅತಿ ಹೆಚ್ಚು ಕೇಳುವುದು ನೈನ್ತ್ ಕಾರ್ಡ್. ಇದರಲ್ಲಿ ಐದು ಸ್ವರ. ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಅದರ ಮೇಲಿನ ಸ್ಥಾಯಿಯ ಚತುಶ್ರುತಿ ರಿಷಭ.

ಕೈಯಲ್ಲಿ ಗಿಟಾರ್ ಇರುವವರು ಇ ನೈನ್ತ್ ಹಿಡಿದು ನೋಡಿ. ಮಧ್ಯದ ಬೆರಳು ಐದನೇ ತಂತಿಯ 7ನೇ ಫ್ರೆಟ್‌ನಲ್ಲಿ. ತೋರುಬೆರಳು ನಾಲ್ಕನೇ ತಂತಿಯ 6ನೇ ಫ್ರೆಟ್‌ನಲ್ಲಿ. ಉಂಗುರ ಬೆರಳನ್ನು ಮಲಗಿಸಿ ಮೂರು, ಎರಡು, ಒಂದನೇ ತಂತಿಗಳನ್ನು 7ನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ. ಆರನೇ ದಪ್ಪ ತಂತಿ ನುಡಿಯಬಾರದು. ಈ ಹಿಡಿತವನ್ನು ಹಾಗೇ ಒಂದು ಫ್ರೆಟ್ ಹಿಂದೆ ಇಟ್ಟು ಮೀಟಿ, ತಕ್ಷಣ ಮುಂದಕ್ಕೆ ಜಾರಿಸಿ. ಕೇಳಿದ ಕೂಡಲೇ "ಓ, ಇದಾ!" ಅನ್ನುತ್ತೀರಿ.

ಒಂಟಿ ಸ್ವರಗಳ ಸಾಲು ನುಡಿಸುವಾಗ ಹೆಚ್ಚಾಗಿ ಬಳಸುವುದು ಮೈನರ್ ಪೆಂಟಾಟಾನಿಕ್ ಅನ್ನುವ ಐದು ಸ್ವರಗಳ ಸ್ಕೇಲ್: ಸ ಗ ಮ ಪ ನಿ. ನಮ್ಮ ಶುದ್ಧ ಧನ್ಯಾಸಿ ರಾಗದಲ್ಲಿರುವುದೂ ಇವೇ ಸ್ವರಗಳು. ನುಡಿಸುವ ಬಗೆ ಮಾತ್ರ ಪೂರ್ತಿ ಬೇರೆ. ಇಲ್ಲೊಂದು ಸ್ವಾರಸ್ಯ ಇದೆ. ಸ್ಕೇಲ್‌ನಲ್ಲಿರುವುದು ಸಾಧಾರಣ ಗಾಂಧಾರ, ಕಾರ್ಡ್‌ನಲ್ಲಿರುವುದು ಅಂತರ ಗಾಂಧಾರ. ಎರಡೂ ಒಂದಕ್ಕೊಂದು ತಿಕ್ಕುತ್ತವೆ. ಪುಸ್ತಕದ ಲೆಕ್ಕದಲ್ಲಿ ಇದು ತಪ್ಪು ಅನಿಸಬಹುದು. ಬ್ಲೂಸ್ ಸಂಗೀತದಿಂದ ಬಂದ ಈ ತಿಕ್ಕಾಟವೇ ಫಂಕ್‌ಗೆ ಉಪ್ಪು ಖಾರ.

ತಂಡವೇ ಒಂದು ಡೋಲು

ಜೇಮ್ಸ್ ಬ್ರೌನ್ ತಂಡ 1967ರಲ್ಲಿ 'ಕೋಲ್ಡ್ ಸ್ವೆಟ್' ಹಾಡು ತಂದಿತು. ಅಲ್ಲಿಯವರೆಗಿನ ಹಾಡುಗಳಲ್ಲಿ ಕಾರ್ಡ್ ಬದಲಾಗುತ್ತಾ ಹೋಗುತ್ತಿತ್ತು. ಇಲ್ಲಿ ಬಹುಪಾಲು ಹಾಡು ಒಂದೇ ಕಡೆ ನಿಂತಿದೆ. ಬದಲಾಗುವುದು ತಾಳದ ಹೆಣಿಗೆ ಮಾತ್ರ. ಕಹಳೆ, ಬಾಸ್, ಡ್ರಮ್, ಗಿಟಾರ್ ಎಲ್ಲವೂ ಡೋಲಿನ ಕೆಲಸ ಮಾಡುತ್ತವೆ. ಎಲ್ಲರೂ ಒಟ್ಟಿಗೆ ಬಂದು ಇಳಿಯುವುದು ಮೊದಲ ಹೊಡೆತದ ಮೇಲೆ. ಬ್ರೌನ್ ಇದಕ್ಕೆ 'ದಿ ಒನ್' ಅನ್ನುತ್ತಿದ್ದರು.

ತಂಡದಲ್ಲಿ ನೋಲೆನ್ ಜೊತೆ ಇನ್ನೊಬ್ಬ ಗಿಟಾರ್ ವಾದಕರಿದ್ದರು, ಅಲ್ಫಾನ್ಸೊ ಕೆಲ್ಲಮ್. ಎಲ್ಲರೂ ಅವರನ್ನು 'ಕಂಟ್ರಿ' ಅನ್ನುತ್ತಿದ್ದರು. ಒಬ್ಬರು ಕಾರ್ಡ್ ಕೆದಕಿದರೆ ಇನ್ನೊಬ್ಬರು ಒಂಟಿ ಸ್ವರಗಳನ್ನು ಚುಕ್ಕಿ ಇಟ್ಟಂತೆ ಇಡುವುದು. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು. ಚಾಪೆ ಹೆಣೆದ ಹಾಗೆ.

ಬ್ರೌನ್ ಕಠಿಣ ಮಾಲೀಕರು. ಸ್ವರ ತಪ್ಪಿದರೆ, ಬೂಟು ಹೊಳೆಯದಿದ್ದರೆ ವಾದಕರಿಗೆ ದಂಡ ಹಾಕುತ್ತಿದ್ದರು. ವೇದಿಕೆಯ ಮೇಲೆ ಕುಣಿಯುತ್ತಲೇ ಬೆರಳು ತೋರಿಸಿ ದಂಡದ ಮೊತ್ತ ಹೇಳುತ್ತಿದ್ದರು. ನೋಡುವವರಿಗೆ ಅದೂ ಕುಣಿತದ ಭಾಗ ಅನಿಸುತ್ತಿತ್ತು. 1970ರ ಮಾರ್ಚ್‌ನಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಕಾರ್ಯಕ್ರಮಕ್ಕೆ ಮೊದಲು ತಂಡದ ಹೆಚ್ಚಿನವರು ಸಂಬಳ, ಸೌಲಭ್ಯದ ಬೇಡಿಕೆ ಇಟ್ಟು ಪಟ್ಟು ಹಿಡಿದರು. ಬ್ರೌನ್ ಮಣಿಯಲಿಲ್ಲ. ಸಿನ್ಸಿನಾಟಿಯಿಂದ ಹೊಸ ಹುಡುಗರನ್ನು ತಮ್ಮ ವಿಮಾನದಲ್ಲೇ ಕರೆಸಿಕೊಂಡರು. ಅವರಲ್ಲಿ 18 ವರ್ಷದ ಬಾಸ್ ವಾದಕ ಬೂಟ್ಸಿ ಕಾಲಿನ್ಸ್, ಅವರ ಅಣ್ಣ ಗಿಟಾರಿನ ಕ್ಯಾಟ್‌ಫಿಶ್ ಕಾಲಿನ್ಸ್ ಇದ್ದರು. ಅದೇ ವರ್ಷದ 'ಸೂಪರ್ ಬ್ಯಾಡ್' ಹಾಡಿನಲ್ಲಿ ಕೇಳುವುದು ಈ ಅಣ್ಣತಮ್ಮಂದಿರನ್ನೇ. ಹಾಡು ಚೆನ್ನಾಗಿದೆ. ಆದರೆ ಬೇಡಿಕೆ ಇಟ್ಟವರ ಜಾಗ ಎಷ್ಟು ಬೇಗ ತುಂಬಿಹೋಯಿತು ಅನ್ನುವುದನ್ನು ಮರೆಯುವಂತಿಲ್ಲ.

ನೋಲೆನ್ ಅವರೂ ಹೊರಗೆ ಹೋದವರಲ್ಲಿ ಒಬ್ಬರು. ಕೆಲವು ವರ್ಷದಲ್ಲಿ ಮತ್ತೆ ಬ್ರೌನ್ ತಂಡಕ್ಕೇ ಮರಳಿದರು. 1983ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. 'ಬ್ರಾಂಡ್ ನ್ಯೂ ಬ್ಯಾಗ್' ಹಾಡಿನ ಕರ್ತೃ ಅಂತ ದಾಖಲಾಗಿರುವುದು ಜೇಮ್ಸ್ ಬ್ರೌನ್ ಹೆಸರು ಮಾತ್ರ.

ಹಾಡು ಯಾರದು?

ಫಂಕ್ ಬ್ರೌನ್ ಒಬ್ಬರ ಸ್ವತ್ತಾಗಿ ಉಳಿಯಲಿಲ್ಲ. ನ್ಯೂ ಆರ್ಲಿಯನ್ಸ್‌ನ 'ದಿ ಮೀಟರ್ಸ್' ತಂಡ 1969ರಲ್ಲಿ 'ಸಿಸ್ಸಿ ಸ್ಟ್ರಟ್' ತಂದಿತು. ಅದಕ್ಕೆ ಸಾಹಿತ್ಯವೇ ಇಲ್ಲ. ಲಿಯೊ ನೊಸೆಂಟೆಲ್ಲಿ ಅವರ ಗಿಟಾರ್ ಸಾಲೇ ಹಾಡು. ಅದರ ಕರ್ತೃಗಳಾಗಿ ತಂಡದ ನಾಲ್ವರ ಹೆಸರೂ ಇದೆ, ಡ್ರಮ್ ಬಾರಿಸಿದವರದೂ ಸೇರಿ. 1971ರಲ್ಲಿ 'ಶಾಫ್ಟ್' ಸಿನಿಮಾದ ಹಾಡಿನಲ್ಲಿ ಚಾರ್ಲ್ಸ್ ಪಿಟ್ಸ್ ವಾ-ವಾ ಪೆಡಲ್ ಹಾಕಿ ನುಡಿಸಿದರು. ಹೊಲಿಗೆ ಯಂತ್ರ ತುಳಿದಂತೆ ಕಾಲಿನಿಂದ ತುಳಿದರೆ ಗಿಟಾರ್ 'ವಾವ್ ವಾವ್' ಅಂತ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತದೆ. ಆ ಹಾಡಿಗೆ ಐಸಾಕ್ ಹೇಯ್ಸ್ ಆಸ್ಕರ್ ಪಡೆದರು.

ಆಮೇಲೆ ಡಿಸ್ಕೊ ಬಂತು. ನ್ಯೂಯಾರ್ಕ್‌ನ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ 'ಶೀಕ್' ಅನ್ನುವ ತಂಡ ಕಟ್ಟಿದರು. 1977ರ ಕೊನೆಯ ರಾತ್ರಿ 'ಸ್ಟುಡಿಯೊ 54' ಅನ್ನುವ ಕುಣಿತದ ಕ್ಲಬ್ಬಿನ ಬಾಗಿಲಲ್ಲಿ ಇಬ್ಬರನ್ನೂ ಒಳಗೆ ಬಿಡಲಿಲ್ಲ. ಮನೆಗೆ ಬಂದು ಸಿಟ್ಟಿನಲ್ಲಿ ನುಡಿಸುತ್ತಾ ಕೂತಾಗ ಹುಟ್ಟಿದ್ದು 'ಲ ಫ್ರೀಕ್'. ಮರುವರ್ಷ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿದ ಹಾಡು ಅದು. ರಾಡ್ಜರ್ಸ್ ಅವರ ಬಲಗೈ ನೋಡಿ, ನೋಲೆನ್ ಅವರದೇ ವಂಶ. ಈ ಡಿಸ್ಕೊ ಅಲೆ ನಮ್ಮವರೆಗೂ ಬಂತು. 1981ರ 'ಗೀತಾ' ಚಿತ್ರದಲ್ಲಿ ಇಳಯರಾಜಾ ಸಂಗೀತಕ್ಕೆ ಶಂಕರ್ ನಾಗ್ ವೇದಿಕೆಯಲ್ಲಿ ಕುಣಿಯುವ ಹಾಡು ನಿಮ್ಮ ಫೋನಿನಲ್ಲೂ ಇರಬಹುದು.

1979ರಲ್ಲಿ ಶೀಕ್ ತಂಡದ 'ಗುಡ್ ಟೈಮ್ಸ್' ಹಾಡಿನ ಬಾಸ್ ಸಾಲಿನ ಮೇಲೆ 'ರ್‍ಯಾಪರ್ಸ್ ಡಿಲೈಟ್' ಅನ್ನುವ ರ್‍ಯಾಪ್ ಹಾಡು ಬಂತು. ರಾಡ್ಜರ್ಸ್ ಮತ್ತು ಎಡ್ವರ್ಡ್ಸ್ ಕಾನೂನಿನ ದಾರಿ ಹಿಡಿದರು. ಮೂಲ ಹಾಡಿನ ಕರ್ತೃಗಳಾಗಿ ಅವರ ಹೆಸರು ದಾಖಲಾಗಿತ್ತು. ಹಾಗಾಗಿ ಹೊಸ ಹಾಡಿನಲ್ಲೂ ಹೆಸರು ಸೇರಿತು.

ಇನ್ನೊಬ್ಬರ ಕಥೆ ಹಾಗಾಗಲಿಲ್ಲ. ಕ್ಲೈಡ್ ಸ್ಟಬಲ್‌ಫೀಲ್ಡ್ ಬ್ರೌನ್ ತಂಡದ ಡ್ರಮ್ ವಾದಕ. ಕಾರ್ಖಾನೆ, ರೈಲುಗಳ ಸದ್ದು ಕೇಳುತ್ತಾ ಬೆಳೆದು ಅದರಿಂದಲೇ ತಾಳ ಕಲಿತವರು. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಣವಾದ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಅವರು ಒಬ್ಬರೇ ಬಾರಿಸುವ ಒಂದು ಸಣ್ಣ ತುಣುಕಿದೆ. 1980ರ ದಶಕದಿಂದ ರ್‍ಯಾಪ್ ಸಂಗೀತಗಾರರು ಆ ತುಣುಕನ್ನು ಕತ್ತರಿಸಿ ನೂರಾರು ಹಾಡುಗಳಲ್ಲಿ ಬಳಸಿದರು. ಲೋಕದಲ್ಲಿ ಅತಿ ಹೆಚ್ಚು ಮರುಬಳಕೆಯಾದ ತಾಳಗಳಲ್ಲಿ ಅದೊಂದು. ಅಂಥ ಬಳಕೆಗೆ ಹಣ ಬಂದರೆ ಹೋಗುವುದು ಹಾಡಿನ ಕರ್ತೃ ಅಂತ ದಾಖಲಾದವರಿಗೆ, ರೆಕಾರ್ಡಿಂಗ್‌ನ ಮಾಲೀಕರಿಗೆ. ಬಾರಿಸಿದ ಕೈಗೆ ರಾಯಲ್ಟಿ ಇಲ್ಲ. ಸ್ಟಬಲ್‌ಫೀಲ್ಡ್ ಕ್ಯಾನ್ಸರ್‌ನಿಂದ ನರಳಿದಾಗ ಆಸ್ಪತ್ರೆಯ ಬಿಲ್ಲಿಗೆ ನೆರವಾದವರು ಖ್ಯಾತ ಕಲಾವಿದ ಪ್ರಿನ್ಸ್. ಈ ವಿಷಯ ಹೊರಬಂದದ್ದು ಪ್ರಿನ್ಸ್ ತೀರಿಕೊಂಡ ಮೇಲೆ. 2017ರಲ್ಲಿ ಸ್ಟಬಲ್‌ಫೀಲ್ಡ್ ಕೂಡ ಹೋದರು.

1740ರಲ್ಲಿ ಕಾನೂನು ಡೋಲಿಗೆ ಹೆದರಿ ಅದನ್ನು ಕಸಿಯಿತು. ಇನ್ನೂರು ವರ್ಷಗಳ ನಂತರದ ಕಾನೂನು ಡೋಲನ್ನು ಕಸಿಯಲಿಲ್ಲ, ಲೆಕ್ಕಕ್ಕೇ ಇಡಲಿಲ್ಲ. ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಒಡೆತನ. ಫಂಕ್‌ನಲ್ಲಿ ತಾಳವೇ ಹಾಡು. ಅದನ್ನು ಕಟ್ಟಿದ ಬಹುಪಾಲು ಕೈಗಳು ಸಂಬಳದ ಆಳುಗಳಾಗಿಯೇ ಉಳಿದವು.

ಈ ಬರಹ ಮುಗಿಸುವ ಮೊದಲು ನಾವು ಕಳೆದ ವರ್ಷ ಬರೆದ ನಮ್ಮೂರ ಜಾತ್ರೆಯ ವರದಿ ತೆಗೆದು ನೋಡಿದೆವು. ಉದ್ಘಾಟಿಸಿದವರ ಹೆಸರಿದೆ, ಅನ್ನದಾನ ಮಾಡಿದವರ ಹೆಸರಿದೆ, ಮೈಕ್ ಸೆಟ್ ಕೊಟ್ಟವರ ಹೆಸರೂ ಇದೆ. ಕೊನೆಗೆ ಒಂದು ಸಾಲು: "ತಮಟೆ ವಾದ್ಯಗಳೊಂದಿಗೆ ಅದ್ದೂರಿ ಮೆರವಣಿಗೆ ನಡೆಯಿತು." ರಾತ್ರಿಯಿಡೀ ಬಾರಿಸಿದ ಆರು ಜನರ ಹೆಸರು ಎಲ್ಲೂ ಇಲ್ಲ. ಬರೆದವರು ನಾವೇ. ನಮ್ಮ ಬಲಗೈ ತಿದ್ದಿದ ಆ ಹಿರಿಯರೂ ಆ ಆರು ಜನರಲ್ಲಿ ಒಬ್ಬರು.

ಈ ಸಲ ಜಾತ್ರೆಗೆ ಮೊದಲೇ ಅವರ ಮನೆಗೆ ಹೋಗಿ ಆರೂ ಜನರ ಹೆಸರು ಕೇಳಿ ಬರೆದುಕೊಂಡು ಬಂದಿದ್ದೇವೆ. "ನಮ್ ಹೆಸ್ರು ಯಾಕ್ರಪ್ಪಾ?" ಅಂದರು. ಹೇಳಲು ನಮ್ಮ ಬಳಿ ಉತ್ತರ ಇತ್ತು, ಆದರೆ ಅದು ಸ್ವಲ್ಪ ಉದ್ದದ ಕಥೆ. ಗಿಟಾರ್ ತೆಗೆದುಕೊಂಡು ಹೋಗಿದ್ದೆವು, ಚಿಕ್ ಚಿಕ್ ನುಡಿಸಿ ತೋರಿಸಿದೆವು. "ಈಗ ಕೈ ನಿಲ್ತಾ ಇಲ್ಲ" ಅಂದರು.